ಆಯುಧಪೂಜೆಯ ದಿನದ ಮೇಸ್ತ್ರಿ

ಮೇಸ್ತ್ರಿಯ ಅಂಗಿಯ ಹೊಟ್ಟೆಭಾಗ ಜರಡಿಯಂತಿತ್ತು. ಬ್ಯಾಟರಿಯ ಆಸಿಡ್ ಹನಿ ಬಿದ್ದಲ್ಲೆಲ್ಲ ಮೊದಲು ಕಂದು ಕಲೆ. ಒಂದು ಒಗೆತ ಕಂಡರೆ ಅದೇ ತೂತು. ಯಾರಾದರೂ ನಕ್ಕರೆ, "ಗಾಳಿ ಆಡ್ಲಿ ಅಂತ ನಾನೇ ತೂತು ಬುಟ್ಟು ಒಲಿಸಿರೋದು ಕಣ್ಲಾ" ಎನ್ನುತ್ತಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳವು. ನಾನು ಬಿ.ಎಸ್ಸಿ. ಮುಗಿಸಿ ಹನೂರಿನ ಹೈಸ್ಕೂಲಿಗೆ ಮೇಷ್ಟ್ರಾಗಿ ಬಂದಿದ್ದೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವನು ನಾನೇ ಮೊದಲು. ಆ ಹೆಮ್ಮೆಯನ್ನು ಅಂದೂ ಮುಚ್ಚಿಡಲಿಲ್ಲ, ಇಂದೂ ಮುಚ್ಚಿಡುವುದಿಲ್ಲ. ಮೇಸ್ತ್ರಿಗೆ ಅದು ಗೊತ್ತಿತ್ತು. ನನ್ನನ್ನು ಹೆಸರು ಹಿಡಿದು ಒಮ್ಮೆಯೂ ಕರೆದವರಲ್ಲ, "ಏನ್ ಬಿಎಸ್ಸಿ, ಊಟ ಆಯ್ತಾ?" ಎಂದೇ ಕೇಳುವರು.

ಬಸ್ ಸ್ಟ್ಯಾಂಡಿನ ಪಕ್ಕ ಅವರ ಗಾಡಿ ರಿಪೇರಿಯ ತಗಡಿನ ಶೆಡ್ಡು. ಸಂಜೆ ಶಾಲೆ ಬಿಟ್ಟಮೇಲೆ ಅಲ್ಲಿ ಕೂರುವುದು ನನ್ನ ಅಭ್ಯಾಸ. ಕೆಟ್ಟ ಮೋಟಾರ್ ಸೈಕಲ್ ಬಂದರೆ ಅವರು ತಕ್ಷಣ ಕಿಕ್ ಹೊಡೆಯುತ್ತಿರಲಿಲ್ಲ. ದೀಪ ಹೇಗೆ ಉರೀತು, ಹಾರನ್ ಹೇಗೆ ಕೂಗ್ತು, ಕೊನೆಗೆ ಗಾಡಿಗೆ ಕೈಯಿಟ್ಟವರು ಯಾರು ಎಂದು ಕೇಳುವರು. ಯಜಮಾನ ತಡವರಿಸಿದರೆ, "ಗಾಡಿ ಸುಳ್ಳು ಏಳಾಕಿಲ್ಲ, ಗಾಡಿಯೋನು ಏಳ್ತಾನೆ" ಎಂದು ಮುಖಕ್ಕೇ ಹೊಡೆದಂತೆ ಅನ್ನುವರು. ಬ್ಯಾಟರಿ ಹೋಯಿತು, ಬೇರೆ ಹಾಕಿ ಎಂದವರ ಮೇಲಂತೂ ರೇಗುವರು. "ಮಡಕೇಲಿ ನೀರಿಲ್ಲ ಅಂದ್ರೆ ಮಡಕೆ ಒಡದದೆ ಅಂತಲಾ? ನೀರು ಸೇದಿ ಉಯ್ಯೋನು ಮನಗಿರಬೋದು. ಮೊದ್ಲು ಚಾರ್ಜ್ ಮಾಡೋ ಡೈನಮೋ ನೋಡು!"

ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ಬಂಡಳ್ಳಿಯಿಂದ ನಮ್ಮಕ್ಕ ಮಗನನ್ನು ಎತ್ತಿನಗಾಡಿಯಲ್ಲಿ ಹಾಕಿಕೊಂಡು ಬಂದಳು. ಇನ್ನೂ ತೊದಲು ಮಾತಿನ ಮಗು. ಉಸಿರೆಳೆದಾಗಲೆಲ್ಲ ಗರಗಸ ಎಳೆದಂತೆ ಸದ್ದು. ಊರಿನ ಡಾಕ್ಟರು ಗಂಟಲೊಳಗೆ ದೀಪ ಬಿಟ್ಟು ನೋಡಿದರು. ಬೂದು ಬಣ್ಣದ ಪೊರೆ ಕಟ್ಟಿತ್ತು. ಗಂಟಲುಮಾರಿ, ಅಂದರೆ ಡಿಫ್ತೀರಿಯಾ.

"ಇದರ ಇಂಜೆಕ್ಷನ್ ನನ್ನ ಹತ್ರ ಇಲ್ಲ. ಕೊಳ್ಳೇಗಾಲದ ಆಸ್ಪತ್ರೆಗೆ ಈಗಲೇ ಹೋಗಬೇಕು. ಪೊರೆ ಮುಚ್ಚಿಕೊಂಡ್ರೆ ಮುಗೀತು. ನನ್ನ ಗಾಡೀಲೇ ಹೋಗೋಣ, ನೀವು ಮಗು ಹಿಡ್ಕೊಂಡು ಹಿಂದೆ ಕೂತ್ಕೊಳ್ಳಿ" ಎಂದರು.

ಬೆಳಗಿನ ಬಸ್ಸು ಹೊರಟುಹೋಗಿತ್ತು. ಮುಂದಿನದು ಪೂಜೆ ಮುಗಿಸಿಕೊಂಡು ಯಾವಾಗ ಬರುವುದೋ ಬಲ್ಲವರಿಲ್ಲ. ಡಾಕ್ಟರ ಮೋಟಾರ್ ಸೈಕಲ್ ತೊಳೆದು, ಹೂ ಮುಡಿದು ನಿಂತಿತ್ತು. ಕಿಕ್ ಹೊಡೆದರು. ಮತ್ತೆ ಹೊಡೆದರು. ಅದು ಉಸಿರೇ ಎತ್ತಲಿಲ್ಲ. ಆ ಗಾಡಿಗೆ ಬ್ಯಾಟರಿಯಿಂದ ಕರೆಂಟು ಬಂದರೆ ಮಾತ್ರ ಪ್ಲಗ್ಗಿನಲ್ಲಿ ಕಿಡಿ. ತಳ್ಳಿದೆವು, ಹತ್ತಲಿಲ್ಲ. ಹಾಗೇ ತಳ್ಳಿಕೊಂಡು ಮೇಸ್ತ್ರಿಯ ಶೆಡ್ಡಿಗೆ ಬಂದೆವು. ಹಿಂದೆ ಮಗು ಎತ್ತಿಕೊಂಡು ಅಕ್ಕ, ಅವಳ ಹಿಂದೆ ಡಾಕ್ಟರ ಕಾಂಪೌಂಡರ್.

ಹಲಗೆಯ ಮೇಲೆ ಸ್ಪ್ಯಾನರುಗಳೆಲ್ಲ ಅರಿಶಿನ ಕುಂಕುಮ ಹಚ್ಚಿಕೊಂಡು ಸಾಲಾಗಿ ಮಲಗಿದ್ದವು. ಮುಂದೆ ದೀಪ.

"ಬ್ಯಾಟರಿ ಸತ್ತೋಗದೆ" ಎಂದ ಕಾಂಪೌಂಡರ್.

"ಇಲ್ಲ. ರಾತ್ರಿ ಡಾಕ್ಟರು ನನ್ನನ್ನ ಮನೆಗೆ ಬಿಟ್ಟಾಗ ದೀಪ ಬೆಳ್ಳಗೆ ಉರೀತಿತ್ತು. ನಿಂತ ಗಾಡೀಲಿ ಇಷ್ಟು ಬೇಗ ಖಾಲಿಯಾಗಲ್ಲ" ಎಂದೆ.

"ಓದಿದ್ದು ವಸಿ ತಲೇಲಿ ನಿಂತದೆ" ಎಂದು ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತರು. ದೀಪದ ಸ್ವಿಚ್ ಹಾಕಿಸಿದರು; ಬಲ್ಬಿನೊಳಗಿನ ತಂತಿ ಕೆಂಡದಂತೆ ಮಿಣುಕಿತು. ಹಾರನ್ ಒತ್ತಿ ಹಿಡಿ ಎಂದರು. ಅದು ಎಮ್ಮೆಯಂತೆ ನರಳಿತು. ಹಾರನ್ ನರಳುತ್ತಿರುವಾಗಲೇ ಬ್ಯಾಟರಿಯ ಎರಡು ಟರ್ಮಿನಲ್ ಮೇಲೂ ಬೆರಳಿಟ್ಟು ಕಣ್ಣು ಮುಚ್ಚಿದರು.

"ಇದು ತಣ್ಣಗದೆ. ಇದು ಬೆಚ್ಚಗದೆ. ಕರೆಂಟು ಇಲ್ಲಿ ಸಿಕ್ಕಾಕಂಡದೆ." ತಲೆಯೆತ್ತಿ ಕಾಂಪೌಂಡರನ್ನು ನೋಡಿದರು. "ಬೆಳಿಗ್ಗೆ ಏನ್ಲಾ ಮಾಡ್ದೆ?"

"ತೊಳೆಯಕ್ಕೆ ಬ್ಯಾಟರಿ ಬಿಚ್ಚಿದ್ದೆ. ವಿಭೂತಿ ಕಲಸಿ ಬಳ್ದು, ತಿರ್ಗಾ ಬಿಗಿದೆ."

"ಎಲ್ಲಿಗೆ ಬಳ್ದೆ?"

"ಎಲ್ಲಾ ಕಡೀಕೂ."

"ಥೂ! ಶಿವನ್ನ ತಕಂಡೋಗಿ ಕರೆಂಟಿಗೆ ಅಡ್ಡ ನಿಲ್ಸಿದಿಯಲ್ಲೋ!"

ನಟ್ಟು ಬಿಚ್ಚಿ, ಕೆರೆದು, ಮತ್ತೆ ಬಿಗಿದರೆ ಆಯಿತು. ನಾನು ಹಲಗೆಯ ಮೇಲಿನ ಸ್ಪ್ಯಾನರಿಗೆ ಕೈ ಚಾಚಿದೆ. ಮೇಸ್ತ್ರಿ ನನ್ನ ಮಣಿಕಟ್ಟು ಹಿಡಿದುಬಿಟ್ಟರು.

"ಮುಟ್ಬೇಡ. ನಾಳೆ ಪೂಜೆ ಕದಲ್ಸೋಗಂಟ ಮುಟ್ಟಂಗಿಲ್ಲ. ಕೆಲ್ಸ ಕಲ್ಸಿದ ಗುರುವಿಗೆ ಮಾತು ಕೊಟ್ಟಿವ್ನಿ."

"ಮಗು ಸಾಯ್ತದೆ ಮೇಸ್ತ್ರಿ!"

"ನಂಗೂ ಕಿವಿ ಅವೆ ಕಣಯ್ಯಾ!"

ಅವರ ಹಿಡಿತ ಸಡಿಲಲಿಲ್ಲ. ಆ ಗಳಿಗೆಯಲ್ಲಿ ಅವರನ್ನು ಹೊಡೆದುಹಾಕಬೇಕೆನ್ನಿಸಿತು. ಮಗುವಿನ ತುಟಿ ನೀಲಿಗೆ ತಿರುಗುತ್ತಿತ್ತು. ಅಕ್ಕ ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಮೇಸ್ತ್ರಿ ಹಲಗೆಯತ್ತ ನೋಡಿದರು, ಮಗುವಿನತ್ತ ನೋಡಿದರು. ಆಮೇಲೆ ಥಟ್ಟನೆ ಡಾಕ್ಟರತ್ತ ತಿರುಗಿದರು.

"ಡಾಕ್ಟ್ರೇ, ಅಲ್ಲು ಕೀಳೋ ಇಕ್ಕಳ ಐತಲ್ಲ, ಅದ್ನ ಪೂಜೆಗಿಟ್ಟಿದ್ದೀರಾ?"

"ಇಲ್ಲ."

"ಅದ್ನೂ ಒಂದು ಕುಯ್ಯೋ ಬ್ಲೇಡ್ನೂ ತಕಬನ್ನಿ. ಓಡಿ!"

ಡಾಕ್ಟರು ಓಡಿದರು. ಹಲ್ಲು ಕೀಳುವ ಇಕ್ಕಳದಲ್ಲಿ ಮೇಸ್ತ್ರಿ ನಟ್ಟು ಸಡಿಲಿಸಿದರು. ಒಂದೆರಡು ಸಲ ಜಾರಿ ಬೆರಳ ಗಿಣ್ಣಿನ ಚರ್ಮ ಕಿತ್ತು ರಕ್ತ ಬಂತು. ಒಣಗಿ ಗಟ್ಟಿಯಾಗಿದ್ದ ವಿಭೂತಿಯನ್ನು ಬ್ಲೇಡಿನಲ್ಲಿ ಟರ್ಮಿನಲ್ಲಿನ ಸೀಸ ಹೊಳೆಯುವವರೆಗೂ ಕೆರೆದು, ಬಿಗಿದರು. ಹಾರನ್ ಒತ್ತಿದರೆ ಬಸ್ ಸ್ಟ್ಯಾಂಡಿನ ನಾಯಿಗಳೆಲ್ಲ ಎದ್ದವು. ಮೊದಲ ಕಿಕ್ಕಿಗೇ ಇಂಜಿನ್ ಹತ್ತಿತು. ಮೇಸ್ತ್ರಿ ಆಕ್ಸಿಲರೇಟರ್ ಏರಿಸಿ, ಹೆಡ್‌ಲೈಟಿನ ಮೇಲಿನ ಮೀಟರ್ ನೋಡಿದರು.

"ಮುಳ್ಳು ಬಲಕ್ಕೆ ಬತ್ತಾ ಅದೆ, ಚಾರ್ಜ್ ಆಯ್ತದೆ. ದಾರೀಲಿ ಎಲ್ಲೂ ಆಫ್ ಮಾಡ್ಬೇಡಿ. ಬಿಎಸ್ಸಿ, ಮಗೀನ ತಲೆ ಮ್ಯಾಕೆ ಇಡ್ಕೊ!"

ಆ ದಾರಿಯುದ್ದಕ್ಕೂ ನಾನು ಇಂಜಿನ್ ಸದ್ದು ಕೇಳಲಿಲ್ಲ. ಎದೆಗೊತ್ತಿದ್ದ ಆ ಗರಗಸದ ಸದ್ದನ್ನೇ ಕೇಳುತ್ತಿದ್ದೆ. ಮಧುವನಹಳ್ಳಿ ದಾಟುವಾಗ ಅದು ನಿಂತಂತಾಗಿ ನಾನು ಕೂಗಿಕೊಂಡೆ. ಮತ್ತೆ ಶುರುವಾಯಿತು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಎರಡು ದಿನ ಏನೂ ಹೇಳಲಾಗದು ಎಂದರು. ಮೂರನೆಯ ದಿನ ಮಗು ಗಂಜಿ ಕೇಳಿತು.

ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಊರಿಗೆ ಬಂದವನೇ ನೆಟ್ಟಗೆ ಶೆಡ್ಡಿಗೆ ಹೋಗಿ, "ಇಕ್ಕಳ ಇಲ್ಲದೇ ಹೋಗಿದ್ರೆ?" ಎಂದೆ.

ಮೇಸ್ತ್ರಿ ಕೈಲಿದ್ದ ಸ್ಪ್ಯಾನರು ಕೆಳಗಿಟ್ಟರು. "ಮಾತು ಮುರೀತಿದ್ದೆ ಕಣಪ್ಪ. ಮುರಿದ್ಮ್ಯಾಲೆ ಈ ಕೆಲ್ಸ ಮಾಡ್ತಿರ್ನಿಲ್ಲ" ಎಂದರು. ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ನಾನು ತಲೆ ತಗ್ಗಿಸಿ ಅಲ್ಲೇ ಕೂತೆ.

ಹುಡುಗ ದೊಡ್ಡವನಾದ. ಓದಲು ನನ್ನ ಮನೆಯಲ್ಲೇ ಇದ್ದ. ಅವನು ಶೆಡ್ಡಿನ ಮುಂದೆ ಹಾದರೆ ಸಾಕು, ಮೇಸ್ತ್ರಿ ಕೈಕೆಲಸ ನಿಲ್ಲಿಸಿ, "ಲೇ, ಒಂದು ಕೂಗಾಕ್ಲಾ, ಕೇಳಾನ!" ಎನ್ನುವರು. ಅವನು ಗಂಟಲು ಹರಿಯುವಂತೆ ಕೂಗುವನು. ಮೇಸ್ತ್ರಿ ಹಾರನ್ ಸರಿಯಿದೆ ಎನ್ನುವಂತೆ ತಲೆಯಾಡಿಸಿ ಮತ್ತೆ ಗಾಡಿಯ ಕಡೆ ಬಗ್ಗುವರು.

ಎಪ್ಪತ್ತರ ದಶಕದ ನಡುವೆ ಒಂದು ಮಧ್ಯಾಹ್ನ, ಊಟಕ್ಕೆ ಕೂತಲ್ಲೇ ಮೇಸ್ತ್ರಿ ಹೋಗಿಬಿಟ್ಟರು. ಹುಡುಗನಿಗೆ ಆಗ ಮೀಸೆ ಚಿಗುರಿತ್ತು. ಹೆಣದ ಮುಂದೆ ಕೂತವನು ದನಿ ತೆಗೆದು ಅತ್ತ. ಬೀದಿಯ ಕೊನೆಯವರೆಗೂ ಕೇಳುವಂತೆ ಅತ್ತ. ಗಂಡುಹುಡುಗ ಹೀಗೆ ಅಳಬಾರದೆಂದು ನಮ್ಮಕ್ಕ ಅವನ ಬಾಯಿ ಮುಚ್ಚಿಸಲು ಎದ್ದಳು.

"ಬಿಡಕ್ಕಾ, ಅಳಲಿ" ಎಂದು ಅವಳ ಕೈ ಹಿಡಿದು ಕೂರಿಸಿದೆ.