ಇಪ್ಪತ್ನಾಲ್ಕು ಗಂಟೆಯ ಪಾಠ

ತುರ್ತು ಪರಿಸ್ಥಿತಿ ಮುಗಿದು ಕೆಲವು ವರ್ಷಗಳಾಗಿದ್ದವು. ತಿಪಟೂರಿನ ಆಚೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ಪೌರನೀತಿ ಪಾಠ ಮಾಡುತ್ತಿದ್ದೆ. ಒಂದು ಬೆಳಿಗ್ಗೆ, ನಮ್ಮ ತೋಟದಲ್ಲಿ ಕಾಯಿ ಸುಲಿಯುವವನ ಹೆಂಡತಿ ಶಾಲೆಯ ಬಾಗಿಲಿಗೇ ಬಂದು ನಿಂತಳು. ಸಾಹುಕಾರರೊಬ್ಬರ ಅಟ್ಟದಿಂದ ಕೊಬ್ಬರಿ ಕಳುವಾಗಿತ್ತು. ಅನುಮಾನದ ಮೇಲೆ ಪೊಲೀಸರು ಅವಳ ಗಂಡನನ್ನು ಹಿಡಿದುಕೊಂಡು ಹೋಗಿ ಆಗಲೇ ಮೂರು ದಿನ.

"ಕೇಸೂ ಇಲ್ಲ, ಕೋರ್ಟೂ ಇಲ್ಲ ಕಣವ್ವ. ಸುಮ್ಕೆ ಕೂರ್ಸ್ಕಂಡವ್ರೆ."

ಬಂಧಿಸಿದವರನ್ನು ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನ ಹೇಳುತ್ತದೆ. ಹಿಂದಿನ ವಾರವಷ್ಟೇ ಮಕ್ಕಳಿಗೆ ನಾನೇ ಬರೆಸಿದ್ದೆ. ರಜೆ ಚೀಟಿ ಕೊಟ್ಟು ಅವಳ ಜೊತೆ ಠಾಣೆಗೆ ನಡೆದೆ.

ದಫೇದಾರ ಕುರ್ಚಿ ಕೊಟ್ಟ. ಒಳಗೆ ಬಾತ ಮಣಿಕಟ್ಟು ಹಿಡಿದುಕೊಂಡು ಗೋಡೆಗೊರಗಿ ಕೂತಿದ್ದ ಅವಳ ಗಂಡ ನನ್ನನ್ನು ನೋಡಿ ನಾಚಿ ತಲೆ ತಗ್ಗಿಸಿದ.

"ವಿಚಾರಣೆಗೆ ಕರೆಸಿದ್ದೀವಿ ಕಣಮ್ಮ, ಅರೆಸ್ಟ್ ಮಾಡಿಲ್ಲ" ಎಂದು ದಫೇದಾರ ನಕ್ಕ.

"ಹಾಗಾದ್ರೆ ಈಗ ಎದ್ದು ಮನೆಗೆ ಹೋಗಬಹುದಾ?"

"ಸಾಹೇಬ್ರು ಹೇಳ್ದೆ ಬುಡಾಕಾಗಲ್ಲ."

"ಬಿಡೋಕಾಗದಿದ್ರೆ ಅದೇ ಅರೆಸ್ಟು ಕಣ್ರೀ."

ಅವನ ನಗು ನಿಂತಿತು.

ಮುಂದಿನ ಬಸ್ಸಿಗೇ ತಿಪಟೂರಿಗೆ ಹೋದೆವು. ಕೋರ್ಟಿನ ಜಗಲಿಯಲ್ಲಿ ಕೂತು ಒಂದು ಪುಟದ ಅರ್ಜಿ ಬರೆದೆ. ಅವಳು ಹೆಬ್ಬೆಟ್ಟು ಒತ್ತಿದಳು. ಮ್ಯಾಜಿಸ್ಟ್ರೇಟರು ಓದಿ ಒಂದೇ ಪ್ರಶ್ನೆ ಕೇಳಿದರು: "ಕರ್ಕೊಂಡು ಹೋಗಿದ್ದು ಯಾವಾಗ?"

"ಸೋಮವಾರ ಸ್ವಾಮಿ, ಮುದ್ದೆ ತಿರುವ್ತಿದ್ದೆ. ಉಣ್ಣಾಕೂ ಬುಡ್ಲಿಲ್ಲ."

ಅವನನ್ನು ಹಾಜರುಪಡಿಸಬೇಕೆಂಬ ಆಜ್ಞೆ ಕೊಟ್ಟು ಕೋರ್ಟಿನ ಅಮೀನರನ್ನು ಠಾಣೆಗೆ ಕಳಿಸಿದರು. ಸಂಜೆ ಕೋರ್ಟು ಏಳುವ ಮುಂಚೆಯೇ ಅವನನ್ನು ಕೂರಿಸಿಕೊಂಡು ಪೊಲೀಸ್ ಜೀಪು ಬಂತು. ಸಬ್ ಇನ್ಸ್‌ಪೆಕ್ಟರು ತಂದ ಠಾಣೆಯ ಡೈರಿಯನ್ನು ತಿರುವಿ ಹಾಕಿ ಮ್ಯಾಜಿಸ್ಟ್ರೇಟರು ತಲೆಯೆತ್ತಿದರು.

"ಇದರಲ್ಲಿ ಇವನ ಹೆಸರೇ ಇಲ್ಲವಲ್ಲ. ಯಾವ ಅಧಿಕಾರದಲ್ಲಿ ಇಟ್ಟುಕೊಂಡಿದ್ರಿ?"

ಅಲ್ಲೇ ಬಿಡುಗಡೆಯಾಯಿತು; ಸಬ್ ಇನ್ಸ್‌ಪೆಕ್ಟರಿಗೆ ಲಿಖಿತ ವಿವರಣೆ ಕೊಡಲು ಆಜ್ಞೆಯಾಯಿತು. ಮೆಟ್ಟಿಲ ಮೇಲೆ ಆತ ನನ್ನನ್ನು ತಡೆದು ನಿಲ್ಲಿಸಿದ.

"ಕಳ್ಳರನ್ನ ನಾವು ಹಿಡಿಯೋದೇ ಬ್ಯಾಡ್ವೇನ್ರೀ ಟೀಚರಮ್ಮ?"

"ಹಿಡೀರಿ ಸಾರ್. ಹಿಡಿದು ಇಲ್ಲಿಗೆ ತನ್ನಿ."

ವರ್ಗ ಮಾಡಿಸುತ್ತಾರೆಂದು ಹೆಡ್‌ಮಾಸ್ಟರು ಹೆದರಿಸಿದರು. ಯಾರೂ ಮಾಡಿಸಲಿಲ್ಲ. ಕೊಬ್ಬರಿ ಕದ್ದವರು ಯಾರೆಂಬುದು ಕೊನೆಗೂ ತಿಳಿಯಲಿಲ್ಲ. ಮಣಿಕಟ್ಟಿನ ಬಾವು ಇಳಿದು ಆ ಮನುಷ್ಯ ಮತ್ತೆ ಸುಲಿಯಲು ಕೂರುವುದಕ್ಕೆ ಎರಡು ವಾರ ಹಿಡಿಯಿತು.

ಮುಂದಿನ ತಿಂಗಳು ಪಕ್ಕದ ಊರಿನ ಹೆಂಗಸೊಬ್ಬಳು ನಮ್ಮ ಮನೆ ಹುಡುಕಿಕೊಂಡು ಬಂದಳು. ಅವಳ ಮಗನನ್ನೂ ಹಾಗೇ ಕೂರಿಸಿಕೊಂಡಿದ್ದರಂತೆ.

"ಎಷ್ಟೊತ್ತಾಯ್ತು?" ಎಂದು ಕೇಳುತ್ತಲೇ ಪೆನ್ನಿನ ಮುಚ್ಚಳ ತೆಗೆದೆ.