ಅತ್ತೆ ತಿರುಗಿಸಿದ ತಿರುಪು

ನನ್ನ ಹೊಲಿಗೆಯ ಡಬ್ಬಿಯಲ್ಲಿ ಗುಂಡಿ, ಹುಕ್ಕು, ನಾಲ್ಕಾರು ಬಣ್ಣದ ರೀಲುಗಳ ನಡುವೆ ಬೆರಳುದ್ದದ ಒಂದು ಉಕ್ಕಿನ ವಸ್ತುವಿದೆ. ಎರಡು ಪುಟ್ಟ ಹಿಡಿಕೆಗಳು, ಅವುಗಳ ನಡುವೆ ನೂಲಿನಷ್ಟು ಸಣ್ಣ ಎಳೆಗಳಿರುವ ಒಂದು ತಿರುಪು, ತಿರುಪಿನ ತುದಿಗೆ ಕೀಲಿ ಕೂರುವಂಥ ಚೌಕ. ಕಂಡವರು ಅದನ್ನು ಹೊಲಿಗೆ ಯಂತ್ರದಿಂದ ಬಿಚ್ಚಿದ ಭಾಗವೆಂದೇ ತಿಳಿಯುತ್ತಾರೆ. ಅಲ್ಲ, ಅದು ಮೂರು ತಿಂಗಳು ನನ್ನ ಬಲಗೆನ್ನೆಯ ಮೇಲೆ ಕೂತು, ಒಳಗಿನ ದವಡೆಯ ಎಲುಬನ್ನು ಉದ್ದ ಮಾಡಿದ ಸಾಧನ. ನನಗಿಂತ ಮೊದಲು ಇನ್ನಿಬ್ಬರ ಕೆನ್ನೆಯ ಮೇಲೆ ಕೂತು ಬಂದಿತ್ತು. ಎಲುಬಿಗೆ ಇಳಿಸುವ ಮೊಳೆಗಳಷ್ಟೇ ಪ್ರತಿಯೊಬ್ಬರಿಗೂ ಹೊಸವು. ಹೊರಗಿನ ಈ ಚೌಕಟ್ಟನ್ನು ಶುದ್ಧಮಾಡಿ ಮತ್ತೆ ಬಳಸುತ್ತಿದ್ದರು. ನನ್ನ ಸರದಿ ಮುಗಿಯುವಷ್ಟರಲ್ಲಿ ಎಳೆಗಳು ಸವೆದಿದ್ದವು. “ಇದರ ನೌಕರಿ ಮುಗೀತು. ಬೇಕಾದ್ರ ಇಟ್ಕೋ” ಎಂದು ಡಾಕ್ಟರು ಅದನ್ನು ನನ್ನ ಅಂಗೈಯಲ್ಲಿಟ್ಟರು. ಅಪರಿಚಿತರಿಬ್ಬರ ನೋವನ್ನು ಕಂಡು ನನ್ನದಕ್ಕೂ ಸಾಕ್ಷಿಯಾದದ್ದನ್ನು ಎಸೆಯಲು ನನಗೆ ಮನಸ್ಸಾಗಲಿಲ್ಲ.

ನಮ್ಮೂರು ಸಿಂದಗಿ ತಾಲ್ಲೂಕಿನ ಮೋರಟಗಿ. ನಾಲ್ಕು ವರ್ಷದವಳಿದ್ದಾಗ ನಾನು ಮಾಳಿಗೆಯ ಮೆಟ್ಟಿಲಿನಿಂದ ಗದ್ದ ಊರಿ ಬಿದ್ದೆನಂತೆ. ಗದ್ದದ ಗಾಯ ಹದಿನೈದು ದಿನದಲ್ಲಿ ಮಾಯಿತು. ಕಿವಿಯ ಮುಂದಿನ ಕೀಲು ಮಾತ್ರ ಯಾರಿಗೂ ಸುಳಿವು ಕೊಡದೆ ಮೆಲ್ಲಗೆ ಬೆಸೆದುಕೊಳ್ಳುತ್ತ ಹೋಯಿತು. ಹತ್ತು ವರ್ಷದ ಹೊತ್ತಿಗೆ ನನ್ನ ಹಲ್ಲುಗಳ ನಡುವೆ ಕಿರುಬೆರಳ ತುದಿಯೂ ಹೋಗುತ್ತಿರಲಿಲ್ಲ. ರೊಟ್ಟಿಯನ್ನು ಹಾಲಲ್ಲಿ ನೆನೆಸಿ, ಕಿವುಚಿ, ಹೀರಿ ತಿನ್ನುತ್ತಿದ್ದೆ. ಸಾಲಿಯಲ್ಲಿ ಗುರುಗಳು “ಬಾಯಿ ಬಿಟ್ಟು ಓದವಾ” ಎನ್ನುವರು. ಬಾಯಿ ಬಿಡಲಾರದ ಹುಡುಗಿ ಆ ಗುಟ್ಟನ್ನೂ ಬಾಯಿ ಬಿಟ್ಟು ಹೇಳದೆ ತಲೆ ತಗ್ಗಿಸುವಳು. ಬಲದವಡೆ ಬೆಳೆಯದೆ ಗದ್ದ ಆ ಕಡೆಗೆ ವಾಲಿ ಒಳಗೆ ಸರಿಯಿತು. ಅದಕ್ಕಿಂತ ಕಷ್ಟದ್ದು ನಿದ್ದೆ. ಗಂಟಲಿನ ದಾರಿ ಇಕ್ಕಟ್ಟಾಗಿ ಗೊರಕೆ ಮನೆ ತುಂಬುತ್ತಿತ್ತು. ನಡುನಡುವೆ ಉಸಿರು ಸಿಕ್ಕಿಕೊಂಡು ನಿಲ್ಲುತ್ತಿತ್ತು. ಆಗ ನನ್ನನ್ನು ಮಗ್ಗುಲಿಗೆ ಹೊರಳಿಸುತ್ತಿದ್ದವಳು ಪಕ್ಕದಲ್ಲಿ ಮಲಗುತ್ತಿದ್ದ ನೀಲಮ್ಮ ಅತ್ತೆ.

ಅತ್ತೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಅಪ್ಪ ಸಾಲಿಯ ಮಾಸ್ತರಿಕೆಗೆ ಹೋದರೆ ಜೋಳ, ತೊಗರಿಯ ಹೊಲವನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದವಳು. ಮುದ್ದು ಮಾಡುವುದು ಅವಳಿಗೆ ಬರುತ್ತಿರಲಿಲ್ಲ. ಅವಳ ಮಡಿಲಲ್ಲಿ ಕೂತ ನೆನಪೇ ನನಗಿಲ್ಲ.

ತೊಂಬತ್ತರ ದಶಕದ ಕೊನೆಯ ಭಾಗವದು, ನನಗೆ ಹದಿಮೂರು. ದೂರದ ಊರಿನ ಒಂದು ಆಸ್ಪತ್ರೆಯಲ್ಲಿ ಮೊದಲು ಕೀಲನ್ನು ಬಿಡಿಸಿ ಬಾಯಿ ತೆರೆಸಿದರು. ಮರುವರ್ಷದ ಬೇಸಿಗೆಯಲ್ಲಿ ದವಡೆಯ ಎಲುಬನ್ನು ಸೀಳಿ ಈ ಸಾಧನವನ್ನು ಕೂರಿಸಿದರು. ಡಾಕ್ಟರು ಅಪ್ಪ, ಅವ್ವ, ಅತ್ತೆ ಮೂವರನ್ನೂ ಕೂರಿಸಿಕೊಂಡು ಹೇಳಿದರು: “ಸೀಳಿದ ಎಲುಬು ಕೂಡಾಕ ನೋಡ್ತದ. ನಾವು ಅದನ್ನ ಸ್ವಲ್ಪ ಸ್ವಲ್ಪ ದೂರ ಸರಿಸ್ತೇವಿ. ನಡುವಿನ ಜಾಗಾದಾಗ ಹೊಸಾ ಎಲುಬು ಹುಟ್ಟತದ. ದವಡಿ ಮುಂದ ಬಂತಂದ್ರ ಉಸಿರಿನ ದಾರಿನೂ ಅಗಲ ಆಗತದ. ಮುಂಜಾನೆ ಅರ್ಧ ಸುತ್ತು, ಸಂಜಿಕಿ ಅರ್ಧ ಸುತ್ತು. ಮನ್ಯಾಗ ಯಾರು ತಿರುವ್ತೀರಿ?”

ಅಪ್ಪ ಕೀಲಿ ಹಿಡಿದ. ಎರಡು ಮೂರು ಸಲ ಜಾರಿ ಅದು ಚೌಕಕ್ಕೆ ಕೂರಲೇ ಇಲ್ಲ. ಅವ್ವ ಆಗಲೇ ಹೊರಗೆ ಹೋಗಿದ್ದಳು. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. “ನಂಗ ಕಲಿಸ್ರಿ.”

ಹಾಗೆ ಶುರುವಾಯಿತು. ದಿನಕ್ಕೆರಡು ಸಲ ಅವಳು ಸಾಬೂನಿನಿಂದ ಕೈ ತೊಳೆದು ಬಂದು ನನ್ನ ಎದುರು ಕೂರುವಳು. ನನ್ನ ಕಣ್ಣನ್ನು ನೋಡುತ್ತಿರಲಿಲ್ಲ, ತಿರುಪನ್ನಷ್ಟೇ ನೋಡುತ್ತಿದ್ದಳು. ಅರ್ಧ ಸುತ್ತು ಎಂದರೆ ಎಷ್ಟು ಮಹಾ ಎನ್ನಿಸಬಹುದು ನಿಮಗೆ. ಒಂದು ಜೋಳದ ಕಾಳಿನ ದಪ್ಪವೂ ಅಲ್ಲ. ಆದರೆ ಆ ಕೂದಲೆಳೆಯಂಥ ಚಲನೆಗೆ ಕಿವಿಯಿಂದ ಗದ್ದದ ತನಕ ಹಗ್ಗ ಬಿಗಿದು ಜಗ್ಗಿದಂತಾಗುತ್ತಿತ್ತು. ನಾನು ಚೀರುತ್ತಿದ್ದೆ. ಅವಳು “ಮುಗೀತು” ಎನ್ನುತ್ತಿದ್ದಳು. ಆ ಒಂದು ಮಾತನ್ನು ನಾನೆಷ್ಟು ದ್ವೇಷಿಸಿದೆನೆಂದರೆ, ಒಂದು ಸಂಜೆ ಅವಳ ಕೈಯನ್ನು ತಳ್ಳಿ, “ನಿನಗ ಹೊಟ್ಟ್ಯಾಗ ಹುಟ್ಟಿದ ಮಕ್ಕಳಿಲ್ಲ, ಅದಕ್ಕ ಹಿಂಗ ಮಾಡ್ತಿ” ಎಂದುಬಿಟ್ಟೆ. ಅವ್ವನ ಕೈಯಲ್ಲಿದ್ದ ತಟ್ಟೆ ಜಾರಿ ಬಿತ್ತು. ಅತ್ತೆ ಮಾತ್ರ ಕೀಲಿಯನ್ನು ಒರೆಸಿ ಅದರ ಪುಟ್ಟ ಡಬ್ಬಿಗಿಟ್ಟು ಎದ್ದು ಹೋದಳು.

ಒಂಬತ್ತನೆಯ ದಿನ ಮುಂಜಾನೆ ಕೀಲಿ ಡಬ್ಬಿಯಲ್ಲಿರಲಿಲ್ಲ.

“ಶಾರದಾ, ಕೀಲಿ ಎಲ್ಲೈತಿ?” ಎಂದಳು ಅತ್ತೆ.

“ನಾ ನೋಡಿಲ್ರಿ ಅಕ್ಕಾ. ಕಸದಾಗ ಹೋತೇನೋ” ಎಂದಳು ಅವ್ವ.

ಅಂದು ಮನೆಯೆಲ್ಲ ಹುಡುಕಿದರು. ನನಗೋ ಹಬ್ಬ. ಎರಡು ಹೊತ್ತು ಯಾರೂ ನನ್ನ ಕೆನ್ನೆಯನ್ನು ಮುಟ್ಟಲಿಲ್ಲ. ಮರುದಿನ ಅತ್ತೆ ಜರಡಿ ತೆಗೆದುಕೊಂಡು ಹಿತ್ತಲಿನ ತಿಪ್ಪೆಗೆ ಹೋದಳು. ಮೋರಟಗಿಯ ಬೇಸಿಗೆ ಬಿಸಿಲು ಎಂಥದ್ದೆಂದು ಬಲ್ಲವರೇ ಬಲ್ಲರು. ಅವಳು ತಲೆಯ ಮೇಲೆ ಸೆರಗು ಹೊದ್ದು, ಮೂರು ನಾಲ್ಕು ದಿನದ ಕಸ, ಬೂದಿ, ಹೊಟ್ಟು ಎಲ್ಲವನ್ನೂ ಹಿಡಿ ಹಿಡಿಯಾಗಿ ಜರಡಿಗೆ ಹಾಕಿ ಸೋಸುತ್ತ ಕೂತಳು. ಹನ್ನೊಂದಾಯಿತು, ಹನ್ನೆರಡಾಯಿತು. ಮುಖ, ಹುಬ್ಬು, ಕೂದಲು ಎಲ್ಲ ಬೂದಿಯ ಬಣ್ಣವಾದವು. ಕಿಟಕಿಯಿಂದ ನೋಡುತ್ತಿದ್ದ ಅವ್ವ ಅಡುಗೆಮನೆಗೆ ಹೋಗುವಳು, ಮತ್ತೆ ಬಂದು ನಿಲ್ಲುವಳು. ಕೊನೆಗೆ ತಡೆಯಲಾರದೆ ಒಳಗೋಡಿ, ಉಪ್ಪಿನ ಗಡಿಗೆಯ ತಳಕ್ಕೆ ಕೈ ಹಾಕಿ, ಕೀಲಿಯನ್ನು ತೆಗೆದುಕೊಂಡು ತಿಪ್ಪೆಯ ಬಳಿ ಹೋಗಿ ನಿಂತಳು.

“ಅಕ್ಕಾ, ಸಾಕ ಮಾಡ್ರಿ. ನಾನ ಮುಚ್ಚಿಟ್ಟಿದ್ನಿ. ಕೂಸು ಚೀರೋದು ಕೇಳಾಕ ಆಗವಲ್ದು ನನಗ.”

ಬೈಗುಳ ಬರುತ್ತದೆಂದು ನಾನು ಕಿಟಕಿಯಲ್ಲಿ ಕಾದು ನಿಂತೆ. ಅತ್ತೆ ಕೀಲಿಯನ್ನೂ ಅವ್ವನ ಮುಖವನ್ನೂ ನೋಡಿದಳು.

“ಉಪ್ಪ ಹತ್ತೇತಿ. ಬಿಸಿನೀರಾಗ ತೊಳದು ಕೊಡು” ಎಂದಳು.

ಆಮೇಲೆ ಅಪ್ಪನನ್ನು ಕರೆದುಕೊಂಡು ಬಸ್ ನಿಲ್ದಾಣದ ಬಳಿಯ ಎಸ್‌ಟಿಡಿ ಅಂಗಡಿಗೆ ಹೋದಳು. ಜೀವಮಾನದಲ್ಲಿ ಮೊದಲ ಸಲ ಫೋನು ಹಿಡಿದು ತಾನೇ ಡಾಕ್ಟರೊಂದಿಗೆ ಮಾತಾಡಿದಳಂತೆ. ಎರಡು ದಿನಕ್ಕೆ ಚಿಂತೆಯಿಲ್ಲ, ಇನ್ನೂ ನಾಲ್ಕು ದಿನ ಬಿಟ್ಟಿದ್ದರೆ ಎಲುಬು ಅಲ್ಲೇ ಕೂಡಿಬಿಡುತ್ತಿತ್ತು, ಮತ್ತೆ ಸೀಳಬೇಕಾಗುತ್ತಿತ್ತು ಎಂದರಂತೆ ಅವರು. ಬಿಟ್ಟುಹೋದದ್ದನ್ನು ಒಂದೇ ಸಲಕ್ಕೆ ತುಂಬಿಸಲೂ ಕೂಡದು, ಮೊದಲಿನಂತೆ ಅರ್ಧ ಅರ್ಧವೇ ನಡೆಯಬೇಕು.

ಈಗ ಕೂತು ಯೋಚಿಸಿದರೆ, ಅವರು ಹೇಳಿದ್ದು ಎಲುಬಿನ ಮಾತು ಮಾತ್ರವೇ ಎಂದು ಅನುಮಾನವಾಗುತ್ತದೆ. ಅವಸರಪಟ್ಟರೆ ಬಿರುಕು ಬಿರುಕಾಗಿಯೇ ಉಳಿಯುತ್ತದೆ. ಕರುಣೆಯಿಂದ ಕೈ ಬಿಟ್ಟರೆ ಕೊರತೆಯೇ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಇವೆರಡರ ನಡುವೆ ಇರುವುದು ದಿನದಿನದ ಒಂದು ಸಣ್ಣ ನಿಷ್ಠುರ. ಅವ್ವನ ಪ್ರೀತಿ ಕಡಿಮೆಯದಾಗಿರಲಿಲ್ಲ. ಅದಕ್ಕೆ ನನ್ನ ಚೀರಾಟ ಕೇಳಿಸುತ್ತಿತ್ತು, ಅಷ್ಟೇ. ಅತ್ತೆಗೆ ಕೇಳಿಸುತ್ತಿರಲಿಲ್ಲವೆಂದು ನಾನು ಅಂದುಕೊಂಡಿದ್ದೆ.

ಅಂದು ಸಂಜೆ ಅತ್ತೆ ಕೈ ತೊಳೆದು ಬಂದು ಕೂತಾಗ ಅವ್ವ ಎದ್ದು ಹೊರಟಳು. “ಹೊರಗ ಹೋಗಬ್ಯಾಡ ಶಾರದಾ. ಅಕೀ ಕೈ ಹಿಡಕೊಂಡು ಕುಂಡ್ರು” ಎಂದಳು ಅತ್ತೆ. ಎರಡು ದಿನ ಬಿಟ್ಟಿದ್ದ ತಿರುಪು ಬಿಗಿದಿತ್ತು; ಅಷ್ಟು ನೋವು ಮೊದಲೂ ಇರಲಿಲ್ಲ, ಆಮೇಲೂ ಬರಲಿಲ್ಲ. ನಾನು ಅವ್ವನ ಕೈಯನ್ನು ಉಗುರು ಊರುವಂತೆ ಹಿಡಿದೆ. ಅವ್ವ ಕಣ್ಣು ಮುಚ್ಚಲಿಲ್ಲ. ಅಂದಿನಿಂದ ಕೊನೆಯ ಸುತ್ತಿನವರೆಗೆ ಮೂವರೂ ಹಾಗೆಯೇ ಕೂರುತ್ತಿದ್ದೆವು.

ತಿರುಗಿಸುವುದು ಮುಗಿದ ಮೇಲೂ ಹೊಸ ಎಲುಬು ಗಟ್ಟಿಯಾಗುವವರೆಗೆ ಸಾಧನ ಕೆನ್ನೆಯ ಮೇಲೆಯೇ ಇರಬೇಕಾಗಿತ್ತು. ಅಷ್ಟು ದಿನವೂ ನಾನು ನೋವಿಗೆ ಗೋಡೆಗೊರಗಿ ತೂಕಡಿಸಿದ್ದೆನೇ ಹೊರತು ಮಲಗಿ ನಿದ್ದೆ ಮಾಡಿರಲಿಲ್ಲ. ನೋವು ಇಳಿದ ಒಂದು ಮಧ್ಯಾಹ್ನ, ಊಟವಾದ ಮೇಲೆ, ಪಡಸಾಲೆಯ ತಣ್ಣನೆಯ ಕಲ್ಲಿನ ಮೇಲೆ ಚಾಪೆ ಹಾಸಿ ಅಂಗಾತ ಮಲಗಿದೆ. ಯಾವಾಗ ಕಣ್ಣು ಹತ್ತಿತೋ ತಿಳಿಯದು.

ಎಚ್ಚರವಾದದ್ದು ಯಾರೋ ಭುಜ ಹಿಡಿದು ಅಲುಗಿಸಿದಾಗ. ಕಣ್ಣು ಬಿಟ್ಟರೆ ಅತ್ತೆಯ ಮುಖ ನನ್ನ ಮುಖಕ್ಕೆ ಗೇಣು ದೂರದಲ್ಲಿತ್ತು. ಅವಳ ಬೆರಳು ನನ್ನ ಮೂಗಿನ ಕೆಳಗಿತ್ತು.

“ಏನಾತು ಅತ್ತಿ?”

“ಸದ್ದ ಇರಲಿಲ್ಲ” ಎಂದಳು. ಬೆರಳನ್ನು ಹಿಂದೆ ತೆಗೆದು ಸೆರಗಿಗೆ ಒರೆಸಿಕೊಂಡಳು. “ನಿಂದು ಗೊರಕಿ ಸದ್ದ ಇರಲಿಲ್ಲ, ಅದಕ್ಕ ಅಂಜಿದ್ನಿ. ಮಲಕೋ. ಮಲಕೋ.”

ನಾನು ಮತ್ತೆ ಕಣ್ಣು ಮುಚ್ಚಿದೆ. ನಿದ್ದೆ ಬರಲಿಲ್ಲ, ಆದರೂ ಬಂದವಳಂತೆ ಮಲಗಿದ್ದೆ. ಆಗ ಅವಳು ದನಿ ತಗ್ಗಿಸಿ ಕರೆದದ್ದು ಕೇಳಿಸಿತು.

“ಶಾರದಾ, ಬಾ ಇಲ್ಲೆ. ಕೇಳು.”

ಅವ್ವ ಬಂದು ನನ್ನ ಇನ್ನೊಂದು ಪಕ್ಕದಲ್ಲಿ ಕೂತಳು. “ಏನ್ ಕೇಳ್ಲಿ ಅಕ್ಕಾ? ಏನೂ ಕೇಳಸವಲ್ದಲ್ರಿ.”

“ಅದನ್ನ ಕೇಳು” ಎಂದಳು ಅತ್ತೆ.