ಕನ್ನಡಕ ಹಾಕಿಕೊಂಡ ಮೇಲಿನ ಮಾತು

ನಮ್ಮ ಹಿಂದಿ ಟೀಚರ ಬಗ್ಗೆ ಊರಲ್ಲಿ ಓಡಾಡುತ್ತಿರುವ ಕಥೆಯಲ್ಲಿ ಅವರು ತಲೆ ತಗ್ಗಿಸಿ ನಿಂತಿರುತ್ತಾರೆ. ‘ನನ್ನ ಓದು ಪದವಿಗೆ ಸಮಾನವಲ್ಲ, ಸರ್ಕಾರಿ ಕೆಲಸಕ್ಕೆ ನನಗೆ ಅರ್ಹತೆ ಇಲ್ಲ’ ಎಂದು ಇಲಾಖೆಯ ವಿಚಾರಣೆಯಲ್ಲಿ ತಾವಾಗಿಯೇ ಒಪ್ಪಿಕೊಂಡರಂತೆ. ಆ ಪ್ರಾಮಾಣಿಕತೆಗೆ ಕರಗಿ ಸರ್ಕಾರ ಕೊನೆಗೆ ಕೆಲಸ ಕೊಟ್ಟಿತಂತೆ. ಕೇಳಿದವರು ಎಂಥ ದೊಡ್ಡ ಮನಸ್ಸು ಎಂದು ನಿಟ್ಟುಸಿರುಬಿಡುತ್ತಾರೆ.

ನಾನು ಒಪ್ಪುವುದಿಲ್ಲ. ಹೊಗಳಿಕೆಯ ಬಟ್ಟೆ ತೊಟ್ಟಿದೆ ಎಂಬ ಕಾರಣಕ್ಕೆ ಸುಳ್ಳು ನಿಜವಾಗುವುದಿಲ್ಲ. ಆ ಕೋಣೆಯಲ್ಲಿ ನಾನಿದ್ದೆ. ಟೀಚರ್ ತಲೆ ತಗ್ಗಿಸಿರಲಿಲ್ಲ. ಕನ್ನಡಕ ಅವರ ಬಲಗೈಯಲ್ಲಿತ್ತು; ದಪ್ಪ ಕಪ್ಪು ಚೌಕಟ್ಟು ಕೂತು ಕೂತು ಮೂಗಿನ ಎರಡೂ ಬದಿಗೆ ಬಿದ್ದಿದ್ದ ಕೆಂಪು ಗುಳಿಗಳು ಕಿಟಕಿಯ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಆ ಹೊತ್ತಿನಲ್ಲಿ ಕನ್ನಡಕ ಎಲ್ಲಿತ್ತು ಎಂಬುದೇ ಈ ಪ್ರಕರಣದ ಮುಖ್ಯ ಸಾಕ್ಷ್ಯ. ಅದನ್ನು ಇದುವರೆಗೆ ಯಾರೂ ಕೇಳಿಲ್ಲ.

ನಾನು ಕೃಷ್ಣಮೂರ್ತಿಪುರಂನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಓದಿದವಳು. ತೊಂಬತ್ತರ ದಶಕದ ಮೊದಲ ವರ್ಷಗಳು. ಟೀಚರ್ ಅಲ್ಲಿ ತಾತ್ಕಾಲಿಕ ಶಿಕ್ಷಕಿಯಾಗಿದ್ದರು. ಆ ತಾತ್ಕಾಲಿಕವು ನಾನು ಶಾಲೆಗೆ ಸೇರುವ ಮುಂಚೆಯೇ ಶುರುವಾಗಿತ್ತು, ನಾನು ಶಾಲೆ ಬಿಟ್ಟ ಮೇಲೂ ಮುಗಿಯಲಿಲ್ಲ. ಕಲಿಸುತ್ತಿದ್ದುದು ಹಿಂದಿ, ಆದರೆ ಕನ್ನಡ ಚರ್ಚಾಸ್ಪರ್ಧೆಗಳಿಗೆ ನಮ್ಮನ್ನು ತಯಾರು ಮಾಡುತ್ತಿದ್ದವರೂ ಅವರೇ. ಬೇರೆ ಶಾಲೆಗಳಲ್ಲಿ ಮೇಷ್ಟರು ಭಾಷಣ ಬರೆದುಕೊಟ್ಟು ಉರು ಹೊಡೆಸುತ್ತಿದ್ದರು. ನಮ್ಮ ಟೀಚರ್ ಒಂದು ಸಾಲನ್ನೂ ಬರೆದುಕೊಟ್ಟವರಲ್ಲ.

ಅವರ ಪದ್ಧತಿ ಒಂದೇ. ಯಾವ ವಿಷಯ ಬಂದರೂ ಮೊದಲು ಎದುರು ಪಕ್ಷದ ಮಾತನ್ನು ಆಡಬೇಕು. ಎದುರಾಳಿ ಆಡುವುದಕ್ಕಿಂತ ಚೆನ್ನಾಗಿ ಆಡಬೇಕು. ನಾವು ಜಾಣತನ ಮಾಡಿ ಎದುರು ಪಕ್ಷವನ್ನು ಪೇಲವವಾಗಿ ಹೇಳಿ ಮುಗಿಸಿದರೆ ಬೆಂಚು ತಟ್ಟುತ್ತಿದ್ದರು.

“ಹೊಲದ ಬೆರ್ಚಪ್ಪನ್ನ ನಿಲ್ಲಿಸ್ಕೊಂಡು ಗುದ್ದಾಡ್ತಿದ್ದೀಯಲ್ಲೇ! ಜೀವ ಇರೋ ಮನುಷ್ಯನ್ನ ನಿಲ್ಸು. ಅವನ ಮಾತು ನಿನ್ನ ಬಾಯಲ್ಲಿ ಸೊಗಸಾಗಿ ಬರೋವರೆಗೂ ನಿನ್ನ ಮಾತಾಡೋ ಹಕ್ಕು ನಿನಗಿಲ್ಲ ಕಣೇ.”

ತಾವೇ ಮಾತಾಡಿ ತೋರಿಸುವಾಗ ಕನ್ನಡಕವೇ ಗುರುತು. ತೆಗೆದು ಕೈಯಲ್ಲಿ ಹಿಡಿದರೆ ಎದುರು ಪಕ್ಷ. ಮತ್ತೆ ಮೂಗಿಗೇರಿಸಿದರೆ ತಮ್ಮ ಪಕ್ಷ. ಕನ್ನಡಕವಿಲ್ಲದಾಗ ಅವರ ದನಿ ಕೂಡ ಬದಲಾಗುತ್ತಿತ್ತು. ನಿಜವಾಗಿಯೂ ಆ ಕಡೆಗೆ ಹೋಗಿಬಿಟ್ಟರೇನೋ ಎಂದು ನಮಗೆ ಭಯವಾಗುತ್ತಿತ್ತು. ಹಾಕಿಕೊಂಡು ಮರಳಿ ಬರುತ್ತಿದ್ದರು, ಕಟ್ಟಿದ್ದನ್ನೆಲ್ಲ ಒಂದೊಂದೇ ಇಟ್ಟಿಗೆಯಾಗಿ ಬಿಚ್ಚುತ್ತಿದ್ದರು.

ಒಮ್ಮೆ ಅಂತರಶಾಲಾ ಚರ್ಚೆಯಲ್ಲಿ ‘ಶಾಲೆಗಳಲ್ಲಿ ಹಿಂದಿ ಕಡ್ಡಾಯವಾಗಿರಬೇಕೇ?’ ಎಂಬ ವಿಷಯ ಬಂತು. ಚೀಟಿಯಲ್ಲಿ ನನಗೆ ಸಿಕ್ಕಿದ್ದು ಬೇಡ ಎನ್ನುವ ಪಕ್ಷ. ಈ ಸಲ ಟೀಚರ್ ಸ್ವಲ್ಪವಾದರೂ ಮೆತ್ತಗಾಗುತ್ತಾರೆ ಎಂದುಕೊಂಡಿದ್ದೆ. ಅವರ ಕೆಲಸವೇ ಅದರ ಮೇಲೆ ನಿಂತಿದೆಯಲ್ಲ. ಮೊದಲು ನನ್ನಿಂದ ಬೇಕು ಎನ್ನುವವರ ಮಾತನ್ನೆಲ್ಲ ಆಡಿಸಿದರು; ಆಮೇಲೆ ಕೇಳಿದರು.

“ಹಿಂದಿ ತೆಗೆದ್ರೆ ಹಿಂದಿ ಟೀಚರ್‌ಗಳು ಎಲ್ಲಿ ಹೋಗ್ಬೇಕು ಅಂತ ಕೇಳ್ತಾರೆ. ಏನು ಹೇಳ್ತೀಯ?”

ನಾನು ತೊದಲಿದೆ. ಮುಖದ ಮುಂದೆಯೇ ಏನು ಹೇಳುವುದು?

“ನಾಚ್ಕೊಂಡ್ರೆ ಸೋಲ್ತೀಯ. ಹೇಳು: ಶಾಲೆ ಇರೋದು ಮಕ್ಕಳಿಗೆ ಪಾಠ ಕಲ್ಸೋಕೆ, ಟೀಚರ್‌ಗೆ ಕೆಲಸ ಕೊಡೋಕಲ್ಲ. ಗಟ್ಟಿಯಾಗಿ ಹೇಳು.”

ಗಟ್ಟಿಯಾಗಿಯೇ ಹೇಳಿದೆ. ಬಹುಮಾನದ ಢಾಲು ನಮ್ಮ ಶಾಲೆಗೆ ಬಂತು. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರಿಗೆ ನಕ್ಕರು. “ಏನ್ರೀ ಇದು, ನಿಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕ್ಕೊಂಡ್ಬುಟ್ರಲ್ಲ!”

“ಕಲ್ಲು ಹಾಕಿದ್ದು ಚೆನ್ನಾಗಿತ್ತೋ ಇಲ್ವೋ, ಅದು ಹೇಳಿ ಸಾರ್,” ಎಂದರು ಟೀಚರ್.

ಟೀಚರದು ಅಗ್ರಹಾರದ ಒಂದು ಓಣಿಯ ಮನೆ. ತಂದೆ ಮಠಕ್ಕೆ ನಡೆದುಕೊಳ್ಳುವವರು, ವಿಭೂತಿ, ಊದುಬತ್ತಿ ಮಾರುವ ಅಂಗಡಿ ಇಟ್ಟಿದ್ದರು. ಪಿಯುಸಿ ಆದ ಮೇಲೆ ಮಗಳನ್ನು ಕಾಲೇಜಿಗೆ ಕಳಿಸಲಿಲ್ಲ. ಆದರೆ ಮಠದ ಹಾಸ್ಟೆಲಿನ ಹಾಲ್‌ನಲ್ಲಿ ಸಂಜೆ ನಡೆಯುತ್ತಿದ್ದ ಹಿಂದಿ ತರಗತಿಗೆ ಹೋಗಲು ಅಡ್ಡಿಯಿರಲಿಲ್ಲ: ಮನೆಗೆ ಹತ್ತಿರ, ಕಲಿಸುವವರು ಗೊತ್ತಿದ್ದವರು, ದೀಪ ಹಚ್ಚುವ ಹೊತ್ತಿಗೆ ವಾಪಸ್. ಹಾಗೆ ಒಂದೊಂದೇ ಪರೀಕ್ಷೆ ದಾಟುತ್ತ ಕೊನೆಯದನ್ನೂ ಮುಗಿಸಿ, ಹಿಂದಿ ಶಿಕ್ಷಕರ ತರಬೇತಿಯನ್ನೂ ಪಡೆದರು. ಆ ಬೀದಿಯ ಎಷ್ಟೋ ಹೆಣ್ಣುಮಕ್ಕಳು ಓದಿದ್ದು ಹಾಗೆಯೇ.

ಆ ಕೊನೆಯ ಪರೀಕ್ಷೆಯ ಬಗ್ಗೆ ಸರ್ಕಾರದ ಒಂದು ಹಳೆಯ ಸುತ್ತೋಲೆಯಿತ್ತು. ಹಿಂದಿಯ ಮಟ್ಟಿಗೆ ಅದು ಬಿ.ಎ.ಗೆ ಸಮಾನ, ಆದರೆ ಅದನ್ನು ಪೂರ್ಣ ಪದವಿಯೆಂದು ಭಾವಿಸುವಂತಿಲ್ಲ ಎಂಬುದು ಅದರ ತಾತ್ಪರ್ಯ. ಟೀಚರ್ ತಾತ್ಕಾಲಿಕವಾಗಿ ಪಾಠ ಮಾಡಿಕೊಂಡಿದ್ದಷ್ಟು ಕಾಲ ಎಲ್ಲರೂ ಸುತ್ತೋಲೆಯ ಮೊದಲ ಅರ್ಧವನ್ನು ಓದಿದರು. ಸರ್ಕಾರಿ ಹೈಸ್ಕೂಲಿನ ಹಿಂದಿ ಶಿಕ್ಷಕರ ಆಯ್ಕೆಪಟ್ಟಿಯಲ್ಲಿ ಅವರ ಹೆಸರು ಬಂದ ಕೂಡಲೇ ಎರಡನೇ ಅರ್ಧ ಎಲ್ಲರ ಕಣ್ಣಿಗೂ ಬಿತ್ತು. ನೇಮಕಾತಿ ತಡೆಹಿಡಿದು, ತತ್ಸಮಾನತೆಯ ಬಗ್ಗೆ ವಿವರಣೆ ಕೊಡಿ ಎಂದು ವಿಚಾರಣೆಗೆ ಕರೆದರು.

ಆಗ ನಾನು ಕಾನೂನು ಓದುತ್ತಿದ್ದೆ. ಜೊತೆಗೆ ಹೋದೆ. ಅಧಿಕಾರಿ ನನ್ನ ಕಡೆ ನೋಡಿ, “ಇವ್ರು ಯಾರು?” ಎಂದರು.

“ನನ್ನ ಶಿಷ್ಯೆ ಸಾರ್. ಮಾತಾಡಲ್ಲ, ಕೇಳಿಸ್ಕೊಂಡು ಕೂತಿರ್ತಾಳೆ.”

“ಸರಿ. ಏನಮ್ಮಾ ನಿಮ್ಮ ವಿಷ್ಯ, ಹೇಳಿ.”

ಟೀಚರ್ ಕನ್ನಡಕ ತೆಗೆದರು. ಇಲ್ಲಿ ಬೇಡ ಟೀಚರ್, ಇಲ್ಲಿ ಮಾತ್ರ ಬೇಡ ಎಂದು ಒಳಗೇ ಅಂದುಕೊಂಡೆ.

“ಸಾರ್, ನನ್ನನ್ನ ತಗೋಬಾರ್ದು ಅನ್ನೋದಕ್ಕೆ ಬಲವಾದ ಕಾರಣ ಇದೆ. ಪದವಿ ಅಂದ್ರೆ ಬರೀ ಒಂದು ಭಾಷೆ ಅಲ್ಲ. ಚರಿತ್ರೆ ಓದಿರ್ಬೇಕು, ಅರ್ಥಶಾಸ್ತ್ರ ಓದಿರ್ಬೇಕು, ನಾನಾ ಥರದ ಲೆಕ್ಚರರ್ ಕೈಲಿ ಬೈಸ್ಕೊಂಡಿರ್ಬೇಕು. ನಾನು ಸಂಜೆ ಹೊತ್ತು ಒಂದು ಹಾಲ್‌ನಲ್ಲಿ ಕೂತು ಒಂದೇ ಭಾಷೆ ಕಲಿತೋಳು. ನಾಳೆ ಹೆಡ್‌ಮಾಸ್ಟರ್ ರಜ ಹಾಕಿದ್ರೆ ಶಾಲೆ ನೋಡ್ಕೊ ಅಂತೀರ. ಸಮಾಜದ ಪಾಠ ತಗೋ ಅಂತೀರ. ಕಷ್ಟಪಟ್ಟು ಕಾಲೇಜು ಮುಗ್ಸಿದೋರು ಹೊರಗೆ ಸಾಲಾಗಿ ನಿಂತಿದಾರೆ. ನನಗೆ ಬಾಗಿಲು ತೆಗೆದ್ರೆ ಅವರಿಗೆ ಏನಂತ ಸಮಾಧಾನ ಹೇಳ್ತೀರ?”

ಇಲಾಖೆ ತನ್ನ ಪರವಾಗಿ ಇಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಕ್ಕಿಲ್ಲ. ಅಧಿಕಾರಿ ತಲೆಯಾಡಿಸುತ್ತ ಸರಸರನೆ ಬರೆದುಕೊಳ್ಳುತ್ತಿದ್ದರು. ಟೀಚರ್ ನಿಲ್ಲಿಸಿದರು. ಕನ್ನಡಕ ಹಾಕಿಕೊಂಡರು.

“ಈಗ ನನ್ನ ಮಾತು, ಸಾರ್.”

ಅಧಿಕಾರಿ ಪೆನ್ನಿಗೆ ಕ್ಯಾಪ್ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ಪಕ್ಕದ ಫೈಲನ್ನು ಹತ್ತಿರಕ್ಕೆಳೆದುಕೊಂಡರು.

ಟೀಚರ್ ಫೈಲಿನ ಮೇಲೆ ಬಾಗಿದ್ದ ಆ ನೆತ್ತಿಗೇ ಮಾತಾಡಿದರು. “ನೀವು ಕರೆದಿರೋದು ಹಿಂದಿ ಕಲಿಸೋಕೆ. ಹಿಂದಿಯ ಮಟ್ಟಿಗೆ ಸಮಾನ ಅಂತ ನಿಮ್ಮ ಸುತ್ತೋಲೆಯೇ ಹೇಳುತ್ತೆ. ಇಷ್ಟು ವರ್ಷ ನಿಮ್ಮ ಇನ್‌ಸ್ಪೆಕ್ಟರೇ ಬಂದು, ನನ್ನ ಪಾಠ ನೋಡಿ, ಚೆನ್ನಾಗಿದೆ ಅಂತ ಬರೆದು ಹೋಗಿದಾರೆ. ತಾತ್ಕಾಲಿಕ ಆಗಿದ್ದಾಗ ಸರಿಯಾಗಿದ್ದ ಓದು ಖಾಯಂ ಅಂದ ತಕ್ಷಣ ಹೇಗೆ ಸಾರ್ ಕಮ್ಮಿಯಾಗುತ್ತೆ? ಹಿಂದಿ ಟೀಚರ್ ಕೈಲಿ ಸಮಾಜದ ಪಾಠ ಮಾಡಿಸೋದು ಇಲಾಖೆ ಕೊರತೆ, ನನ್ನದಲ್ಲ. ಇನ್ನು ಕಾಲೇಜು ಮುಗ್ಸಿದೋರು. ಅವರನ್ನ ಮನೇಲಿ ಕಳಿಸಿದ್ರು, ಹೋದ್ರು, ಸಂತೋಷ. ಕಳಿಸದೆ ಇದ್ದ ಮನೆ ಹೆಣ್ಣುಮಕ್ಕಳಿಗೆ ಇದ್ದಿದ್ದು ಇದೊಂದೇ ದಾರಿ. ದಾರಿ ಇದೆ ಅಂತ ಬೋರ್ಡ್ ಹಾಕ್ಬುಟ್ಟು ಕೊನೇಲಿ ಗೋಡೆ ಕಟ್ಟಬಾರ್ದು.”

“ಆಯ್ತಮ್ಮಾ, ಬರೆದು ಕಳಿಸ್ತೀವಿ,” ಎಂದರು ಅಧಿಕಾರಿ, ಫೈಲಿನಿಂದ ಕಣ್ಣೆತ್ತದೆ.

ಆದೇಶ ಬಂತು. ‘ಅಭ್ಯರ್ಥಿಯು ಸ್ವತಃ ಒಪ್ಪಿಕೊಂಡಿರುವಂತೆ’ ಎಂದು ಶುರುವಾಗಿ, ಟೀಚರ ಮಾತುಗಳನ್ನೇ ಕಚೇರಿಯ ಕನ್ನಡಕ್ಕೆ ತಿರುಗಿಸಿ, ಕೋರಿಕೆ ತಿರಸ್ಕರಿಸಲಾಗಿದೆ ಎಂದು ಮುಗಿದಿತ್ತು. ಅಗ್ರಹಾರದ ಮನೆಗೆ ಹೋದಾಗ ಟೀಚರ್ ಜಗಲಿಯ ಮೇಲೆ ಅವರೆಕಾಳು ಹಿಸುಕುತ್ತ ಕೂತಿದ್ದರು. ಆದೇಶವನ್ನು ನನ್ನ ಕೈಗೆ ಕೊಟ್ಟು, “ಒಂದು ಪಾಯಿಂಟೂ ಬಿಟ್ಟಿಲ್ಲ ನೋಡು, ಎಷ್ಟು ಚೆನ್ನಾಗಿ ಬರ್ಕೊಂಡಿದಾರೆ,” ಎಂದು ನಕ್ಕರು.

ನನಗೆ ಮೈಯೆಲ್ಲ ಉರಿಯಿತು. “ನಗಬೇಡಿ ಟೀಚರ್. ಇದು ಚರ್ಚಾಸ್ಪರ್ಧೆ ಅಲ್ಲ. ನಿಮ್ಮ ಪದ್ಧತೀನೇ ನಿಮ್ಮ ಕೆಲಸ ಕಳೀತು.”

“ಪದ್ಧತಿ ಅಲ್ಲ ಕಣೇ,” ಎಂದರು, ಹಿಸುಕಿದ ಕಾಳನ್ನು ಬಟ್ಟಲಿಗೆ ಹಾಕುತ್ತ. “ನಾನು ಅವರನ್ನ ತೀರ್ಪುಗಾರರು ಅಂದ್ಕೊಂಡೆ. ತೀರ್ಪುಗಾರರು ಗಂಟೆ ಹೊಡೆಯೋವರೆಗೂ ಕೇಳ್ತಾರೆ. ಅವರು ಎದುರು ಪಕ್ಷ. ಎದುರು ಪಕ್ಷದೋರಿಗೆ ಅವರ ಮಾತು ಸಿಕ್ಕಿತು, ತಗೊಂಡು ಹೋದ್ರು. ತಪ್ಪಾಗಿದ್ದು ಅಷ್ಟೇ.”

“ಮತ್ತೆ, ಅವರ ವಾದ ಅಷ್ಟು ಬಲವಾಗಿದೆ ಅಂತ ನಿಮಗೇ ಅನ್ನಿಸಿದ್ರೆ?”

“ಬಲವಾಗಿದೆ. ಸರಿಯಾಗಿಲ್ಲ. ಇವೆರಡರ ವ್ಯತ್ಯಾಸ ಗೊತ್ತಾಗ್ಲಿ ಅಂತಾನೇ ನಿನಗೆ ಇಷ್ಟು ವರ್ಷ ಹೇಳ್ಕೊಟ್ಟಿದ್ದು. ದಡ್ಡಿ, ಕಾಳು ಹಿಸುಕು ಬಾ.”

ಸ್ವಲ್ಪ ದಿನಕ್ಕೆ ಹೆಡ್‌ಮಾಸ್ಟರು ಹುಡುಕಿಕೊಂಡು ಬಂದರು. ಅವರಿಗೆ ನಿಜವಾದ ಕಾಳಜಿಯಿತ್ತು. ಯಾರನ್ನೋ ವಿಚಾರಿಸಿಕೊಂಡು ಬಂದಿದ್ದರು. “ಅಪೀಲು ಗಿಪೀಲು ಬುಡಿ ಅತ್ಲಾಗೆ. ಅನುಕಂಪದ ಮೇಲೆ ವಿಶೇಷ ಪ್ರಕರಣ ಅಂತ ಒಂದು ಅರ್ಜಿ ಕೊಡಿ. ಒಂಟಿ ಹೆಂಗಸು, ವಯಸ್ಸಾದ ತಾಯಿ ಇದಾರೆ, ಇಷ್ಟು ವರ್ಷ ದುಡಿದಿದೀನಿ ಅಂತ ಬರೀರಿ. ಆಗೋಗುತ್ತೆ ಕಣ್ರೀ.”

ಟೀಚರ್ ಕನ್ನಡಕ ತೆಗೆಯಲಿಲ್ಲ. ಆ ಪಕ್ಷದ ಮಾತನ್ನು ಅವರು ಆಡಿ ನೋಡಲೇ ಇಲ್ಲ. ನಾನು ಕಂಡಂತೆ ಅದೊಂದೇ ಸಲ.

“ಅಯ್ಯೋ ಪಾಪ ಅಂತ ಕೊಟ್ರೆ ನನ್ನೊಬ್ಬಳಿಗೆ ಆಗುತ್ತೆ ಸಾರ್. ಸಮಾನ ಅಂತ ಬರೆದು ಕೊಟ್ರೆ ಆ ಹಾಲ್‌ನಲ್ಲಿ ನನ್ನ ಹಿಂದೆ ಕೂತಿರೋ ಹುಡುಗೀರಿಗೆಲ್ಲ ಆಗುತ್ತೆ. ಅವರೆಲ್ಲ ಒಬ್ಬೊಬ್ಬರಾಗಿ ಅಳುಮುಖ ಮಾಡ್ಕೊಂಡು ಬರ್ಬೇಕೇನು?”

ಮೇಲ್ಮನವಿ ಹಾಕಿದರು. ನಾನು ಕರಡು ಬರೆದೆ, ಅವರು ಹೊಡೆದು ತಿದ್ದಿದರು. ವರ್ಷಗಳು ಉರುಳಿದವು, ಹೊಸ ಶತಮಾನ ಬಂತು, ಟೀಚರ್ ತಾತ್ಕಾಲಿಕವಾಗಿಯೇ ಇದ್ದರು. ಪಟ್ಟಿಯಲ್ಲಿ ಅವರ ಹಿಂದಿದ್ದವರು ಸೇರಿ, ವರ್ಗವಾಗಿ, ಬಡ್ತಿಯನ್ನೂ ಪಡೆದರು. ಕೊನೆಗೆ, ಮೊದಲಿನ ಆದೇಶದಲ್ಲಿ ಅಭ್ಯರ್ಥಿಯ ವಾದವನ್ನು ಪರಿಶೀಲಿಸಿದ್ದೇ ಕಾಣುವುದಿಲ್ಲ, ಮತ್ತೆ ವಿಚಾರಣೆ ಮಾಡಿ ಎಂದು ಮೇಲಿನಿಂದ ಸೂಚನೆ ಬಂತು. ಈ ಸಲದ ಅಧಿಕಾರಿ ಬೇರೆ, ಹೆಂಗಸು. ಬಾಗಿಲ ಹೊರಗೆ ನಾನು ಕೈ ಹಿಡಿದುಕೊಂಡು ಬೇಡಿದೆ.

“ಟೀಚರ್, ದಮ್ಮಯ್ಯ. ಇವತ್ತು ನಿಮ್ಮ ಮಾತೊಂದೇ ಹೇಳಿ.”

“ಹಾಗೆ ಹೇಳಿದ್ರೆ ಅರ್ಧ ಹೇಳ್ದಂಗೆ. ಅವರು ಅರ್ಧ ಬರ್ಕೊಂಡ್ರು ಅಂತ ನಾನು ಅರ್ಧ ಮಾತಾಡ್ಲಾ?”

ಒಳಗೆ ಹೋಗಿ ಕೂತು, ಕನ್ನಡಕ ತೆಗೆದು, ಆ ಅಧಿಕಾರಿಗೆ ಹೇಳಿದರು: “ಮೇಡಂ, ಇದು ಕೈಲಿರೋವರೆಗೂ ನಾನು ಆಡೋದು ಇಲಾಖೆ ಮಾತು. ಹಾಕ್ಕೊಂಡ ಮೇಲೆ ನನ್ನ ಮಾತು. ಎರಡನ್ನೂ ಬರ್ಕೊಳ್ಳೋದಾದ್ರೆ ಶುರು ಮಾಡ್ತೀನಿ.”

ಆ ಹೆಂಗಸು ನಕ್ಕುಬಿಟ್ಟರು. “ಬರ್ಕೋತೀನಿ ಕಣಮ್ಮ, ಹೇಳಿ.” ಕೊನೆಯವರೆಗೂ ಬರೆದುಕೊಂಡರು.

ಹಿಂದಿ ಬೋಧನೆಯ ಹುದ್ದೆಗೆ ಅಭ್ಯರ್ಥಿಯ ವಿದ್ಯಾರ್ಹತೆ ಸಮಾನವಾದುದು ಎಂದು ಆದೇಶ ಬಂತು. ಅದರಲ್ಲಿ ಅನುಕಂಪ ಎಂಬ ಶಬ್ದವಿಲ್ಲ, ವಿಶೇಷ ಪ್ರಕರಣ ಎಂಬುದೂ ಇಲ್ಲ. ಮಠದ ಅದೇ ಹಾಲ್‌ನಲ್ಲಿ ಓದಿದ ಇನ್ನೂ ಕೆಲವರು ಅದರ ಪ್ರತಿ ಹಿಡಿದುಕೊಂಡು ಹೋಗಿ ಕೆಲಸಕ್ಕೆ ಸೇರಿದರು. ಟೀಚರಿಗೆ ಹಿನಕಲ್ ಕಡೆಯ ಶಾಲೆ ಸಿಕ್ಕಿತು. ಸಿಟಿ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಅಷ್ಟು ಹೊತ್ತಿಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೆಲವೇ ವರ್ಷ; ಆಮೇಲೆ ಕಾಯಿಲೆ ಹಿಡಿಯಿತು.

ಕೊನೆಯ ಸಲ ನೋಡಲು ಹೋದಾಗ ನಾನು ವಕೀಲಿ ಮಾಡುತ್ತಿದ್ದೆ. ಯಾವುದೋ ಮೊಕದ್ದಮೆಯ ಬಗ್ಗೆ ಉತ್ಸಾಹದಿಂದ ಹೇಳತೊಡಗಿದೆ. ದಿಂಬಿಗೊರಗಿದ್ದವರು ಕೈಯೆತ್ತಿ ತಡೆದರು. “ಎದುರು ಪಕ್ಷ ಏನಂತಾರೆ, ಅದು ಹೇಳು ಮೊದ್ಲು.” ಈಗಲೂ ಯಾವ ಫೈಲು ಬಿಚ್ಚಿದರೂ ನನ್ನೊಳಗೆ ಮೊದಲು ಕೇಳುವುದು ಆ ಪ್ರಶ್ನೆಯೇ.

ಅವರು ಹೋದ ಮೇಲೆ ಕೃಷ್ಣಮೂರ್ತಿಪುರಂನ ನಮ್ಮ ಹಳೆಯ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ಮೊದಲ ವಿಚಾರಣೆ ಮಾಡಿದ ಅಧಿಕಾರಿ, ಈಗ ನಿವೃತ್ತರು, ಮುಖ್ಯ ಅತಿಥಿ. ಊರಲ್ಲಿ ಓಡಾಡುವ ಆ ಕಥೆಯನ್ನು ನಾನು ಅದರ ಮೂಲದಲ್ಲೇ ಕೇಳಿದ್ದು ಅಲ್ಲಿ. “ನನ್ನ ಮುಂದೆ ಕೂತು, ನನಗೆ ಅರ್ಹತೆ ಇಲ್ಲ ಸಾರ್ ಅಂತ ಒಪ್ಕೊಂಡ ಮಹಾತಾಯಿ ಆಕೆ! ಆ ಪ್ರಾಮಾಣಿಕತೆಗೆ ಸರ್ಕಾರವೇ ಕರಗಿತು,” ಎಂದರು. ಅವರ ಕಣ್ಣು ತುಂಬಿತ್ತು. ಅದು ನಾಟಕವಲ್ಲ.

ನಾನು ಎದ್ದು ನಿಂತೆ. ನನಗೆ ಕನ್ನಡಕವಿಲ್ಲ. ಆದರೂ ಮೊದಲು ಅವರ ಮಾತನ್ನೇ ಆಡಿದೆ: ಇವರು ಕೆಟ್ಟವರಲ್ಲ, ಯಾರಿಂದಲೂ ಲಂಚ ಮುಟ್ಟಿದವರಲ್ಲ, ಅವರ ಮೇಜಿನ ಮೇಲೆ ಅವತ್ತು ಫೈಲುಗಳು ಗುಡ್ಡೆಯಾಗಿದ್ದವು, ಸುತ್ತೋಲೆಯ ಎರಡನೇ ಅರ್ಧ ಅವರ ಕಲ್ಪನೆಯಲ್ಲ, ಅಚ್ಚಾಗಿಯೇ ಇತ್ತು, ಟೀಚರ ಬಾಯಿಂದ ಬಂದದ್ದನ್ನು ಬಿಟ್ಟು ಅವರು ಒಂದಕ್ಷರವನ್ನೂ ಸೇರಿಸಿರಲಿಲ್ಲ. ಅಧಿಕಾರಿ ತಲೆಯಾಡಿಸಿದರು, ಅವತ್ತು ಆಡಿಸಿದ ಹಾಗೆಯೇ. ಆಮೇಲೆ ಕೇಳಿದೆ.

“ಸಾರ್, ಅವತ್ತು ಟೀಚರ್ ಕನ್ನಡಕ ಹಾಕ್ಕೊಂಡು ‘ಈಗ ನನ್ನ ಮಾತು’ ಅಂದ್ರು. ಆಗ ನೀವು ಪೆನ್ನಿಗೆ ಕ್ಯಾಪ್ ಹಾಕಿ ಜೇಬಿಗೆ ಇಟ್ಕೊಂಡ್ರಿ. ಯಾಕೆ ಸಾರ್?”